ಚುಕ್ಕಿಯ ನಂತರದ ಅಂಕಿ

ಯಾದಗಿರಿಯ ಒಂದು ಖಾಸಗಿ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ನಾನು ಕೆಲಸಕ್ಕೆ ಸೇರಿ ಇದು ನಾಲ್ಕನೆಯ ವರ್ಷ. ರೋಗಿ ಮನೆಗೆ ಹೋಗುವ ದಿನ ಅವರ ಕಡತ ವಾರ್ಡಿನಿಂದ ಮೊದಲು ನನ್ನ ಮೇಜಿಗೆ ಬರುತ್ತದೆ. ಅದನ್ನು ಮೊದಲಿಂದ ಕೊನೆಯವರೆಗೆ ಓದಿ, ಕಾಯಿಲೆಗೆ ನಿಗದಿಯಾದ ಸಂಕೇತವನ್ನು ಕಂಪ್ಯೂಟರಿನಲ್ಲಿ ನಮೂದಿಸಬೇಕು. ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ, ಒಂದು ಚುಕ್ಕಿ, ಚುಕ್ಕಿಯ ನಂತರ ಮತ್ತೊಂದು ಅಂಕಿ. ಸಂಕೇತ ಹಾಕಿದ ಕೂಡಲೇ ಅದರ ಅರ್ಥ ಇಂಗ್ಲಿಷಿನಲ್ಲಿ ತಾನಾಗಿಯೇ ಬಿಡುಗಡೆ ಚೀಟಿಯ ಮೇಲೆ ಮೂಡುತ್ತದೆ. ಆ ಚೀಟಿ ರೋಗಿಯ ಕೈ ಸೇರುತ್ತದೆ, ಸಂಕೇತ ಚಿಕಿತ್ಸೆಯ ಹಣ ಕೊಡುವ ಯೋಜನೆಯ ಮಂಜೂರಿ ಕಚೇರಿಗೆ ಹೋಗುತ್ತದೆ.

ಮೊದಲಿಂದ ಕೊನೆಯವರೆಗೆ ಓದಿ ಎಂದು ಬರೆದೆ. ಅದು ನಿಯಮ. ವಾಸ್ತವದಲ್ಲಿ ನಾನು ಓದುತ್ತಿದ್ದುದು ಮೊದಲ ಪುಟ, ಶಸ್ತ್ರಚಿಕಿತ್ಸೆಯ ಪುಟದ ಶೀರ್ಷಿಕೆ ಮತ್ತು ವೈದ್ಯರು ಕೊನೆಗೆ ಬರೆದ ನಾಲ್ಕು ಸಾಲು, ಅಷ್ಟೇ. ಇದನ್ನು ಆರಂಭದಲ್ಲೇ ಒಪ್ಪಿಕೊಳ್ಳುವುದು ಸರಿ. ಮುಂದೆ ಹೇಳಲಿರುವುದಕ್ಕೆಲ್ಲ ಅದೇ ಮೂಲ.

ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಅಬ್ಬಾ ಶಹಾಪುರದಲ್ಲಿ ತಗಡಿನ ಟ್ರಂಕು ಮಾಡುತ್ತಾರೆ. ಮನೆಯ ಮಾತು ದಖ್ಖನಿ. ಕನ್ನಡ ನನಗೆ ಅರ್ಧ ಓಣಿಯಿಂದ, ಅರ್ಧ ಶಾಲೆಯಿಂದ ಬಂದದ್ದು. ಓಣಿಯ ಅರ್ಧವನ್ನು ಹಾಳೆಯ ಮೇಲೆ ತರಬಾರದೆಂದು ಶಾಲೆಯಲ್ಲಿಯೇ ಕಲಿತೆ. ಇಂದಿಗೂ ಒಂದು ರಜೆ ಅರ್ಜಿ ಬರೆಯಬೇಕಾದರೆ ರದ್ದಿ ಹಾಳೆಯಲ್ಲಿ ಬರೆದು, ಎರಡು ಸಲ ಓದಿ, ಆಮೇಲೆ ಒಳ್ಳೆಯ ಹಾಳೆಗೆ ಇಳಿಸುತ್ತೇನೆ. ನಾನು ತಪ್ಪಿದರೆ ಅದು ನನ್ನೊಬ್ಬಳ ತಪ್ಪಾಗಿ ಉಳಿಯುವುದಿಲ್ಲ, ಇಂಥವರನ್ನು ಈ ಕುರ್ಚಿಯಲ್ಲಿ ಕೂರಿಸಲೇಬಾರದಿತ್ತು ಎಂದಾಗುತ್ತದೆ ಎಂಬ ಅಂಜಿಕೆ ನನ್ನನ್ನು ಬಿಟ್ಟಿಲ್ಲ.

"ದಿನ್‌ಭರ್ ಕ್ಯಾ ಲಿಖ್ತೀ ಗೇ ವ್ಹಾಂ?" ಎಂದು ಅಮ್ಮಿ ಕೇಳುತ್ತಿದ್ದರು. ದಿನವಿಡೀ ಅಲ್ಲಿ ಏನು ಬರೆಯುತ್ತೀ ಎಂದು. ಕಾಯಿಲೆಗಳ ನಂಬರು ಎಂದರೆ, "ನಂಬರ್ ಲಿಖ್ನೇ ಕೋ ಇತ್ತಾ ಪಢ್ನಾ?" ಎಂದು ನಗುತ್ತಿದ್ದರು. ನಂಬರು ಬರೆಯಲು ಇಷ್ಟು ಓದಬೇಕಿತ್ತೆ? ಆ ನಂಬರುಗಳಲ್ಲಿ ಗಂಡಸರ ಯಾವ ಯಾವ ಕಾಯಿಲೆಗಳಿವೆ ಎಂಬುದನ್ನು ನಾನು ಮನೆಯಲ್ಲಿ ಹೇಳಿದವಳಲ್ಲ.

ಅವುಗಳಲ್ಲಿ ಒಂದು, ಮೂತ್ರನಾಳದ ಬಿಗಿತ. ಮೂತ್ರ ಹೊರಬರುವ ನಾಳವು ಒಳಗೆ ಒಂದು ಕಡೆ ಗಾಯದ ಕಲೆಗಟ್ಟಿ ಕಿರಿದಾಗುತ್ತದೆ. ಮೊದಲು ಧಾರೆ ಸಣ್ಣದಾಗುತ್ತದೆ, ಆಮೇಲೆ ಹನಿಯಾಗುತ್ತದೆ, ಒಂದು ದಿನ ಪೂರ್ತಿ ನಿಂತುಹೋಗುತ್ತದೆ. ನಮ್ಮ ಕಡೆಯ ಗಂಡಸರು ಹನಿಯಾಗುವವರೆಗೂ ಬರುವುದಿಲ್ಲ. ನಿಂತ ಮೇಲೆ ಬರುತ್ತಾರೆ. ಬಂದರೂ ಹೇಳುವುದಿಲ್ಲ. ನಮ್ಮ ಕೋಣೆಯ ಕಿಟಕಿ ನೋಂದಣಿ ಕೌಂಟರಿಗೆ ತೆರೆದುಕೊಂಡಿದೆ. ಅಲ್ಲಿನ ಮಾತು ನನಗೆ ಬಾಯಿಪಾಠವಾಗಿದೆ.

"ಏನ್ ತ್ರಾಸ ಅದ?"

"ಉಷ್ಣ ಆಗ್ಯಾದ್ರಿ."

"ಒಂದಕ್ಕ ಹೋಗುವಾಗ ಉರಿ ಅದ ಏನು?"

"ಹೌದ್ರಿ."

"ಜ್ವರ ಬಂದಿದ್ವೇನು?"

"ಹೌದ್ರಿ."

"ಎಷ್ಟ್ ದಿವಸಾತು?"

"ಬಿಸಲಾಗ ಕೆಲಸ ನೋಡ್ರಿ."

ಉಷ್ಣ ಎಂದರೆ ಯಾದಗಿರಿಯ ಬಿಸಿಲಿನಲ್ಲಿ ಯಾರೂ ಮತ್ತೊಂದು ಪ್ರಶ್ನೆ ಕೇಳುವುದಿಲ್ಲ. ಉಷ್ಣ ಯಾರಿಗೂ ಆಗಬಹುದು, ಅದರಲ್ಲಿ ಅವಮಾನವಿಲ್ಲ. ಆದುದರಿಂದ ಆ ಜಾಗದ ಯಾವ ತೊಂದರೆಯನ್ನೂ ಅವರು ಉಷ್ಣ ಎನ್ನುತ್ತಾರೆ. ನಂತರ ಕೇಳಿದ್ದಕ್ಕೆಲ್ಲ ಹೌದು ಎಂದು ಬೇಗ ಮುಗಿಸಿಕೊಳ್ಳುತ್ತಾರೆ. ಕೇಳಿದವರು ಕಡತದಲ್ಲಿ 'ಉರಿ ಇದೆ, ಜ್ವರ ಇತ್ತು' ಎಂದು ಬರೆಯುತ್ತಾರೆ.

ಇನ್ನು ನಮ್ಮ ಕೋಣೆಯ ಪದ್ಧತಿಯನ್ನು ಹೇಳಬೇಕು. ಈ ಬಿಗಿತದ ಸಂಕೇತದಲ್ಲಿ ಚುಕ್ಕಿಯ ನಂತರ ಮುಖ್ಯವಾಗಿ ಮೂರು ಅಂಕಿಗಳು ಬಳಕೆಯಲ್ಲಿವೆ. ಪೆಟ್ಟಿನಿಂದ ಆದದ್ದಕ್ಕೆ ಸೊನ್ನೆ. ಸೋಂಕಿನ ನಂತರ ಆದದ್ದಕ್ಕೆ ಒಂದು. ಕಾರಣ ತಿಳಿಯದಿದ್ದರೆ ಒಂಬತ್ತು. ನಮ್ಮ ಕೋಣೆಯ ಮುಖ್ಯಸ್ಥರು ಬೇರೆಡೆ ದೀರ್ಘಕಾಲ ಇದೇ ಕೆಲಸ ಮಾಡಿ ನಿವೃತ್ತರಾಗಿ ಬಂದವರು. ನಾನು ಸೇರಿದ ಮೊದಲ ತಿಂಗಳಲ್ಲಿ ಒಂದು ಕಡತಕ್ಕೆ ಒಂಬತ್ತು ಹಾಕಿದಾಗ ಅವರು ತಮ್ಮ ಕುರ್ಚಿಯನ್ನೇ ನನ್ನ ಮೇಜಿಗೆ ಎಳೆದುಕೊಂಡು ಕುಳಿತರು.

"ನೋಡು ತಂಗಿ, ಒಂಬತ್ತು ಹಾಕಿದಿ ಅಂದ್ರ ಮಂಜೂರಿ ಆಫೀಸಿನಿಂದ ಫೈಲ್ ತಿರುಗಿ ಬರ್ತದ, ಕಾರಣ ಬರೀರಿ ಅಂತ. ಸೊನ್ನಿ ಹಾಕಿದಿ ಅಂದ್ರ ಪೆಟ್ಟು. ಪೆಟ್ಟು ಅಂದ್ರ ಪೊಲೀಸ್ ಕಾಗದ ಎಲ್ಲದ ಅಂತಾರ. ಒಂದು ಹಾಕು. ಸುಮ್ಮ ಹೋಗ್ತದ."

"ಸೋಂಕು ಅಂತ ಡಾಕ್ಟರು ಬರ್ದಿಲ್ಲಲ್ಲ ಸರ್?"

"ಉರಿ ಅಂತ ಬರ್ದಾರಿಲ್ಲೋ? ಉರಿ ಅಂದಮ್ಯಾಲ ಸೋಂಕು ಇದ್ದೇ ಇರ್ತದ. ನೀ ಏನ್ ಕೋರ್ಟಿನಾಗ ತೀರ್ಪು ಬರ್ಯಾಕತ್ತೀಯೇನು?"

ನನಗೆ ಕಲಿಸಿದ ಪಠ್ಯದಲ್ಲಿ ಹೀಗಿರಲಿಲ್ಲ. ತಿಳಿಯದ್ದನ್ನು ತಿಳಿಯದು ಎಂದೇ ನಮೂದಿಸಬೇಕೆಂದು ಅಲ್ಲಿ ಸ್ಪಷ್ಟವಾಗಿತ್ತು. ಆದರೆ ಹಿರಿಯರು ಹೇಳಿದ್ದನ್ನು ಮೀರುವಷ್ಟು ನಾನು ಆ ಕುರ್ಚಿಯಲ್ಲಿ ಗಟ್ಟಿಯಾಗಿ ಕುಳಿತಿರಲಿಲ್ಲ. ಒಂದು ಹಾಕಿದೆ. ಕಡತ ತಿರುಗಿ ಬರಲಿಲ್ಲ. ಆಮೇಲೆ ಅದು ರೂಢಿಯಾಯಿತು.

ಕಳೆದ ವರ್ಷ ಬೇಸಿಗೆಯ ಕೊನೆಯಲ್ಲಿ ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಮೂಟೆ ಹೊರುವ ಯುವಕನೊಬ್ಬನ ಕಡತ ಬಂತು. ಮೂತ್ರ ಪೂರ್ತಿ ನಿಂತು ದಾಖಲಾಗಿದ್ದ. ವಾರಕ್ಕೊಮ್ಮೆ, ಬುಧವಾರ, ಕಲಬುರಗಿಯಿಂದ ಬರುವ ಶಸ್ತ್ರವೈದ್ಯರು ನಾಳದೊಳಗೆ ದುರ್ಬೀನು ಇಳಿಸಿ ಬಿಗಿತವನ್ನು ಕತ್ತರಿಸಿದ್ದರು. ಕೊನೆಯ ಪುಟದಲ್ಲಿ ಅವರು ಮೂತ್ರನಾಳದ ಬಿಗಿತ ಎಂದು ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಸೋಂಕಿನ ನಂತರದ್ದು ಎಂದು ಬರೆದಿದ್ದರು. ಸಂಕೇತದಲ್ಲಿ ಪ್ರಶ್ನಾರ್ಥಕಕ್ಕೆ ಜಾಗವಿಲ್ಲ. ನಾನು ಒಂದು ಹಾಕಿದೆ. ಐದು ನಿಮಿಷವೂ ಹಿಡಿದಿರಲಿಕ್ಕಿಲ್ಲ. ಆ ದಿನ ಬಂದ ಬೇರೆ ಯಾವ ಕಡತವೂ ನೆನಪಿಲ್ಲ, ಇದೂ ಮರೆತುಹೋಗಬೇಕಿತ್ತು.

ಮೂರು ವಾರಗಳ ನಂತರ ಒಂದು ಸೋಮವಾರ ಮಧ್ಯಾಹ್ನ, ಊಟದ ಡಬ್ಬಿ ಮುಚ್ಚುತ್ತಿದ್ದಾಗ, ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ನನ್ನದೇ ವಯಸ್ಸು. ಸೆರಗಿನ ತುದಿಯಲ್ಲಿ ಏನನ್ನೋ ಗಟ್ಟಿಯಾಗಿ ಹಿಡಿದಿದ್ದಳು.

"ಫೈಲ್ ಬರೆಯೋ ಅಕ್ಕಾರ ನೀವೇನ್ರಿ?"

ಹೌದೆಂದೆ. ಸೆರಗಿನಿಂದ ಒಂದು ಬಿಡುಗಡೆ ಚೀಟಿ ತೆಗೆದು ಮೇಜಿನ ಮೇಲೆ ಇಟ್ಟಳು. ನಾಲ್ಕು ಮಡಿಕೆಯಾಗಿ, ಮಡಿಕೆಗಳಲ್ಲಿ ಹರಿದಿತ್ತು.

"ಈ ಚೀಟಿ ನೀವ ಬರ್ದೀರಿ?"

"ಪ್ರಿಂಟ್ ಕಂಪ್ಯೂಟರಿಂದು. ನಂಬರ್ ಹಾಕಿದಾಕಿ ನಾನು."

"ನಾ ಇವರ ಹೆಂಡ್ತಿರಿ." ಚೀಟಿಯ ಮೇಲಿನ ಹೆಸರಿಗೆ ಬೆರಳಿಟ್ಟಳು. "ಮಾತ್ರಿ ಇಲ್ಲಿ ಸಿಗಲಿಲ್ಲ, ಸುರಪುರದಾಗ ತರ್ತೀನಿ ಅಂತ ನಮ್ಮ ಅಣ್ಣ ಚೀಟಿ ತಗೊಂಡು ಹೋಗಿದ್ದ. ಅಲ್ಲಿ ಔಷಧ ಅಂಗಡ್ಯಾಂವ ಇದನ್ನ ಓದಿ ಹೇಳ್ಯಾನ್ರಿ, ಹೊರಗಿನ ಹೆಂಗಸ್ರ ಹಂತ್ಯಾಕ ಹೋಗೋರಿಗಿ ಬರೋ ಜಡ್ಡು ಇದು ಅಂತ. ಅಣ್ಣ ಅವತ್ತ ಸಂಜಿಗೇ ಕಡೇಚೂರಿಗಿ ಬಂದ. ನಡಿ ಅಂದ. ನನಗ ಕರಕೊಂಡು ಹೋದ."

ನಾನು ಚೀಟಿಯತ್ತ ನೋಡಿದೆ. ನನ್ನ 'ಒಂದು' ಅಲ್ಲಿ ಇತ್ತು, ಪಕ್ಕದಲ್ಲಿ ಅದರ ಇಂಗ್ಲಿಷ್ ಅರ್ಥ ದಪ್ಪ ಅಕ್ಷರದಲ್ಲಿತ್ತು. ಸೋಂಕು ಎಂದರೆ ಆ ಅಂಗಡಿಯವನು ಹೇಳಿದ ಸೋಂಕೇ ಆಗಬೇಕಿಲ್ಲ, ನೂರು ಬಗೆಯಲ್ಲಿ ಆಗಬಹುದು ಎಂದು ವಿವರಿಸಲು ಹೊರಟೆ. ಅವಳು ಕೈ ಎತ್ತಿ ತಡೆದಳು.

"ಅಂಥವ್ರಲ್ಲ ಅವ್ರು ಅಂತ ನಾ ಅಂತೀನ್ರಿ. ಚೀಟ್ಯಾಗ ಬರ್ದಾರಲ್ಲ ಅಂತ ಅಣ್ಣ ಅಂತಾನ. ಚೀಟಿ ಮುಂದ ನನ್ನ ಮಾತು ಯಾರ್ ಕೇಳ್ತಾರ? ಬರೋ ಐತಾರ ಹಿರ್ಯಾರು ಕೂಡ್ತಾರ್ರಿ. ಕೂಡಿದ್ರ ಮುಗೀತು, ನನ್ನ ತಿರುಗಿ ಕಳಸಂಗಿಲ್ಲ." ತಗ್ಗಿದ ದನಿಯಲ್ಲಿ ಕೇಳಿದಳು: "ನೀವು ಓದಿದೋರು. ಬರ್ದೀರಿ ಅಂದ್ರ ನಿಮಗ ಗೊತ್ತಿರಬೇಕು. ಖರೆ ಹೇಳ್ರಿ ಅಕ್ಕಾರ. ಅವ್ರಿಗಿ ಅದೇ ಆಗ್ಯಾದೇನ್ರಿ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಬರೆದಿದ್ದೆ. ಈ ಎರಡು ವಾಕ್ಯಗಳನ್ನು ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ. ಬದಲಿಗೆ ನಿಯಮವನ್ನು ಹೇಳಿದೆ: ರೋಗಿಯ ಕಡತದಲ್ಲಿರುವುದನ್ನು ರೋಗಿಗೆ ಮಾತ್ರ ತಿಳಿಸಬಹುದು, ಅವರ ಒಪ್ಪಿಗೆಯಿಲ್ಲದೆ ಹೆಂಡತಿಗೂ ತಿಳಿಸುವಂತಿಲ್ಲ.

"ಔಷಧ ಅಂಗಡ್ಯಾಂವ ಊರಿಗೆಲ್ಲ ಹೇಳಬೌದು," ಎಂದಳು ಅವಳು. "ನೀವು ನನಗ ಹೇಳಂಗಿಲ್ಲ?"

ಬುಧವಾರ ದೊಡ್ಡ ಡಾಕ್ಟರು ಬರುತ್ತಾರೆ, ಅಂದು ನೀವೂ ಬನ್ನಿ, ನಿಮ್ಮ ಮನೆಯವರನ್ನು ನಾನು ಕರೆಸುತ್ತೇನೆ ಎಂದೆ. "ಬರ್ತೀನ್ರಿ. ಅಣ್ಣಗ ಹೇಳಲಾರದ ಬಂದೀನಿ, ಮತ್ತ ಒಮ್ಮಿ ಹೇಳಲಾರದ ಬರ್ತೀನಿ," ಎಂದು ಚೀಟಿಯನ್ನು ಮತ್ತೆ ಮಡಚಿ ಸೆರಗಿಗೆ ಕಟ್ಟಿಕೊಂಡು ಹೋದಳು.

ಅವಳು ಹೋದ ಮೇಲೆ ಕಡತವನ್ನು ಕಪಾಟಿನಿಂದ ತೆಗೆದೆ. ಅಂದು ಮೊದಲ ಬಾರಿಗೆ ಅದನ್ನು ನಿಯಮದ ಪ್ರಕಾರ ಓದಿದೆ. ಮೂತ್ರ ಪರೀಕ್ಷೆಯ ವರದಿ ಒಂದು ಪುಟದ ಹಿಂಬದಿಗೆ ಅಂಟಿಸಿತ್ತು: ಯಾವ ಸೋಂಕೂ ಬೆಳೆದಿಲ್ಲ. ಬಿಗಿತ ಇದ್ದ ಜಾಗವನ್ನು ವೈದ್ಯರು ಚಿತ್ರ ಬರೆದು ತೋರಿಸಿದ್ದರು. ಎರಡೂ ಕಾಲು ಇಬ್ಬದಿಗೆ ಹೋಗಿ ಏನಾದರೊಂದರ ಮೇಲೆ ಬಿದ್ದವರಿಗೆ ನಾಳ ನುಜ್ಜಾಗುವುದು ಅದೇ ಜಾಗದಲ್ಲಿ ಎಂದು ನಾನೇ ಪರೀಕ್ಷೆಯಲ್ಲಿ ಬರೆದಿದ್ದೆ. ಕೊನೆಗೆ ನರ್ಸುಗಳು ಬರೆಯುವ ಪುಟಗಳು. ನಾಡಿ, ಜ್ವರ, ಚೀಲದಲ್ಲಿನ ಮೂತ್ರದ ಅಳತೆ. ಅವನ್ನು ನಮ್ಮ ಕೋಣೆಯಲ್ಲಿ ಯಾರೂ ಓದುವುದಿಲ್ಲ. ಮೂರನೆಯ ದಿನದ ಸಾಲಿನಲ್ಲಿ ಒಂದು ವಾಕ್ಯ ಇತ್ತು. 'ಕಬ್ಬಿಣದ ಪಟ್ಟಿಯ ಮೇಲೆ ಬಿದ್ದಾಗಿನಿಂದ ನೋವು ಇದೆ ಎಂದು ರೋಗಿ ಹೇಳಿದ್ದಾರೆ.'

ಮೂರು ಕಡೆ ಸತ್ಯ ಇತ್ತು. ಮೂರೂ ಕಡೆ ನಾನು ನೋಡಿರಲಿಲ್ಲ.

ಕಡತವನ್ನು ನಮ್ಮ ಕೋಣೆಯ ಸರ್ ಮುಂದೆ ಇಟ್ಟು, ಅವಳು ಹೇಳಿದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ಏರಿಸಿ ನರ್ಸಿನ ಸಾಲನ್ನು ಓದಿದರು, ಇಳಿಸಿದರು.

"ಹೋದ ಫೈಲ್ ಯಾಕ ಎಬ್ಬಸ್ತಿ ತಂಗಿ?"

"ಆ ಹೆಣ್ಮಗಳು ತವರುಮನಿಯಾಗ ಕುಂತಾಳ ಸರ್. ನಮ್ಮ ನಂಬರಿನ ಸಲುವಾಗಿ."

"ನಮ್ಮ ನಂಬರಿನ ಸಲುವಾಗಿ ಅಲ್ಲ. ಆ ಅಂಗಡ್ಯಾಂವನ ಬಾಯಿ ಸಲುವಾಗಿ." ಆದರೆ ಅವರ ದನಿಯಲ್ಲಿ ಬಿರುಸು ಇರಲಿಲ್ಲ. ಕಡತವನ್ನು ನನ್ನ ಕಡೆಗೆ ತಳ್ಳಿ ಹೇಳಿದರು: "ಇದೊಂದು ತಿದ್ದಿದಿ ಅಂದ್ರ, ಹಿಂದಿನವು ಎಲ್ಲಾ ತೋರಸ್ರಿ ಅಂತಾರ. ಅವಕ್ಕೆಲ್ಲಾ ನೀ ಏನ್ ಹೇಳ್ತಿ, ನಾ ಏನ್ ಹೇಳಲಿ?"

ನಾನು ಆ ಹೆಂಗಸಿನ ಗಂಡನಿಗೆ ಫೋನು ಮಾಡಿದೆ. ಆಸ್ಪತ್ರೆಯಿಂದ ಎಂದ ಕೂಡಲೇ, "ಮತ್ತ ಆಪರೇಷನ್ ಏನ್ರಿ?" ಎಂದು ಗಾಬರಿಯಾದ. ಅಲ್ಲ, ಚೀಟಿಯಲ್ಲಿ ಒಂದು ತಿದ್ದುಪಡಿ ಇದೆ, ಬುಧವಾರ ಬನ್ನಿ ಎಂದೆ.

ಬುಧವಾರ ಇಬ್ಬರೂ ಬಂದರು, ಬೇರೆ ಬೇರೆ ದಿಕ್ಕಿನ ಬಸ್ಸುಗಳಲ್ಲಿ. ಅವಳನ್ನು ನಾನು ನಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂರಿಸಿದೆ. ಅವನು ಬಂದ ಕೂಡಲೇ ವೈದ್ಯರು ತಮ್ಮ ಕೋಣೆಯೊಳಗೆ ಕರೆದಿದ್ದರಿಂದ ಅವರಿಬ್ಬರು ಎದುರಾಗಲಿಲ್ಲ. ನಾನು ಬಾಗಿಲ ಹೊರಗೆ ನಿಂತೆ. ವೈದ್ಯರು ನನ್ನನ್ನೂ ಕೂಗಿದರು.

"ಒಳಗ ಬರ್ರಿ. ತಿದ್ದಬೇಕಾದೋರು ನೀವು, ಹೊರಗ ನಿಂತ್ರ ಹೆಂಗ?"

ಅವನು ನನ್ನನ್ನು ನೋಡಿ ತಲೆ ತಗ್ಗಿಸಿದವನು ಮತ್ತೆ ಎತ್ತಲಿಲ್ಲ. ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡುತ್ತ ನಿಂತೆ.

"ಎಲ್ಲಿಯರ ಬಿದ್ದಿದ್ದಿ ಏನಪಾ?" ವೈದ್ಯರು ಕೇಳಿದರು.

"ಇಲ್ರಿ. ಉಷ್ಣರಿ."

"ಉಷ್ಣಕ್ಕ ನಾ ಕತ್ತರಿ ಹಾಕಿಲ್ಲೋ ಯಪ್ಪಾ! ನರ್ಸಮ್ಮಗ ಹೇಳಿದಿ, ನನಗ ಯಾಕ ಹೇಳಲಿಲ್ಲ?"

ವೈದ್ಯರು ಗಡಿಯಾರ ನೋಡಿದರು, ಹೊರಗೆ ಇನ್ನೂ ಸಾಲು ಕಾಯುತ್ತಿತ್ತು. ಆಗ ನಾನು, ಹೇಳಬಹುದೋ ಬಾರದೋ ಎಂದು ನಿರ್ಧರಿಸುವ ಮೊದಲೇ, ಹೇಳಿಬಿಟ್ಟೆ: "ನಿಮ್ಮ ಮನಿಯವ್ರು ಹೊರಗ ಕುಂತಾರ್ರಿ."

"ಅಕಿ ಬಂದಾಳೇನ್ರಿ?" ತಲೆ ಎತ್ತಿದ. ಅವನ ಮುಖವನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. "ಒಬ್ಬಾಕಿನ ಬಂದಾಳ? ಅಣ್ಣನ ಸಂಗಾಟ ಬಂದಾಳ?"

"ಒಬ್ಬಾಕೇ."

ಆಮೇಲೆ ಅವನು ಹೇಳಿದ. ಲಾರಿಯ ಮೇಲಿಂದ ಇಳಿಯುವಾಗ ಕಾಲು ಜಾರಿ, ಮೂಟೆ ಸಾಗಿಸುವ ಗಾಡಿಯ ಕಬ್ಬಿಣದ ಪಟ್ಟಿಯ ಮೇಲೆ ಎರಡೂ ಕಡೆ ಕಾಲು ಹೋಗಿ ಬಿದ್ದಿದ್ದ. "ಕಣ್ಣಿಗಿ ಕತ್ತಲಿ ಬಂತ್ರಿ. ಎರಡ್ ದಿನ ರಕ್ತ ಬಂತು, ಆಮ್ಯಾಗ ನಿಂತಿತು. ಕಮ್ಮಿ ಆತು ಅಂದ್ಕೊಂಡೆ."

"ಹೇಳಾಕ ಏನಾಗಿತ್ತು?"

"ಹೆಂಗ ಹೇಳೋದ್ರಿ ಸಾಹೇಬ್ರ? ಅಲ್ಲಿ ಪೆಟ್ಟು ಬಿದ್ದಾದ ಅಂದ್ರ ಮುಗೀತು, ಇಂವ ಇನ್ನ ಗಂಡಸಲ್ಲ ಅಂತಾರ್ರಿ ಕೆಲಸದಾಗಿನ ಮಂದಿ. ಉಷ್ಣ ಅಂದ್ರ ಯಾರೂ ಏನೂ ಅನ್ನಂಗಿಲ್ಲ."

ಒಂದು ಅವಮಾನ ತಪ್ಪಿಸಿಕೊಳ್ಳಲು ಅವನು ಹೇಳಿದ ಮಾತು ಮತ್ತೊಂದು ಅವಮಾನವಾಗಿ ಅವನ ಮನೆಗೇ ಹೋಗಿ ಮುಟ್ಟಿತ್ತು. ಅದನ್ನು ಸಾಗಿಸಿದ ಕೈಗಳಲ್ಲಿ ಒಂದು ನನ್ನದು. ವೈದ್ಯರು ಕಡತ ತೆಗೆದುಕೊಂಡು ಹಳೆಯ ಸಾಲನ್ನು ಹೊಡೆದುಹಾಕಿ, ಪೆಟ್ಟಿನಿಂದ ಆದ ಬಿಗಿತ ಎಂದು ಬರೆದು ಸಹಿ ಮಾಡಿದರು. ಬರೆಯುತ್ತಲೇ ನನ್ನನ್ನು ಕೇಳಿದರು.

"ನಾ ಪ್ರಶ್ನಾರ್ಥಕ ಹಾಕಿದ್ದೆ. ಅದ ಎಲ್ಲಿ ಹೋತು?"

"ಕಂಪ್ಯೂಟರಿನಾಗ ಅದಕ್ಕ ಜಾಗ ಇಲ್ರಿ ಸರ್."

"ಜಾಗ ಇರಲಿಲ್ಲಂದ್ರ ನನಗ ಫೋನ್ ಮಾಡಬೇಕಿತ್ತು."

ಅವರು ಹೇಳಿದ್ದು ಸರಿ. ಸೋಂಕಿಲ್ಲ ಎಂಬ ವರದಿ ಬಂದ ಮೇಲೂ ತಮ್ಮ ಪ್ರಶ್ನೆಯನ್ನು ಅವರೇ ಮುಗಿಸದೆ ಬಿಟ್ಟಿದ್ದರು ಎಂಬುದೂ ಸರಿ. ಆದರೆ ಎರಡನೆಯದನ್ನು ಹೇಳುವ ಸ್ಥಾನದಲ್ಲಿ ನಾನಿರಲಿಲ್ಲ.

ಇಷ್ಟಾದ ಮೇಲೆ ಉಳಿದದ್ದು ಒಂದು ಅಂಕಿಯನ್ನು ಬದಲಿಸುವುದು ಎಂದು ಯಾರಿಗಾದರೂ ಅನಿಸಬೇಕು. ನನಗೂ ಅನಿಸಿತು. ಕಂಪ್ಯೂಟರಿನಲ್ಲಿ ಕಡತ ತೆರೆದೆ. ಮಂಜೂರಾದ ಕಡತಕ್ಕೆ ಬೀಗ ಬಿದ್ದಿರುತ್ತದೆ. ತಿದ್ದುಪಡಿಗೆ ಮಂಜೂರಿ ಕಚೇರಿಯ ಅನುಮತಿ ಬೇಕು. ವೈದ್ಯರ ಸಹಿಯ ಪುಟ, ಪರೀಕ್ಷೆಯ ವರದಿ, ನರ್ಸಿನ ಪುಟ ಮೂರನ್ನೂ ಸ್ಕ್ಯಾನ್ ಮಾಡಿ ಕಳಿಸಿದೆ. ಒಂದು ತಾಸಿನೊಳಗೆ ಉತ್ತರ ಬಂತು. ಅಪಘಾತದ ಪೊಲೀಸ್ ದಾಖಲೆಯ ಪ್ರತಿಯನ್ನು ಲಗತ್ತಿಸಿರಿ. ಫೋನು ಮಾಡಿ, ಬಿದ್ದು ತಿಂಗಳುಗಳೇ ಆಗಿವೆ, ಪೊಲೀಸರಿಗೆ ಯಾರೂ ಹೇಳಿಲ್ಲ ಎಂದು ವಿವರಿಸಿದೆ. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ, ಹಾಗಿದ್ದರೆ ಪೆಟ್ಟು ಎಂದು ಹೇಗೆ ತೆಗೆದುಕೊಳ್ಳುವುದು ಮೇಡಂ ಎಂದಳು. ಸೋಂಕು ಎಂದು ಹೇಗೆ ತೆಗೆದುಕೊಂಡಿರಿ ಎಂದು ಕೇಳಿದೆ. ಅದಕ್ಕೆ ದಾಖಲೆ ಕಡ್ಡಾಯವಿಲ್ಲ ಎಂದಳು.

ಸಿಟ್ಟು ಬಂದಾಗ ನನಗೆ ಯಾವ ಭಾಷೆಯಲ್ಲೂ ಮಾತು ಹೊರಡುವುದಿಲ್ಲ. ಫೋನು ಇಟ್ಟೆ. ಸುಳ್ಳಿಗೆ ಸಾಕ್ಷಿ ಬೇಡ, ಅದನ್ನು ತಿದ್ದಲು ಸಾಕ್ಷಿ ಬೇಕು. ಕಂಪ್ಯೂಟರಿನಲ್ಲಿ ತಿದ್ದದೆ ಸರಿಯಾದ ಚೀಟಿ ಮುದ್ರಣವಾಗುವುದಿಲ್ಲ. ಮುದ್ರಿಸಿದರೆ ಅದೇ 'ಒಂದು' ಬರುತ್ತದೆ. ಹಿರಿಯರು ಕೂಡುವ ಭಾನುವಾರಕ್ಕೆ ನಾಲ್ಕು ದಿನ ಇತ್ತು. ಹೊರಗಿನ ಬೆಂಚಿನ ಮೇಲೆ ಆ ಹೆಂಗಸು ಬೆಳಗಿನಿಂದ ಕುಳಿತಿದ್ದಳು.

ಆಗ ಒಂದು ರದ್ದಿ ಹಾಳೆ ತೆಗೆದುಕೊಂಡೆ. ಕನ್ನಡದಲ್ಲಿ ಬರೆದೆ, ಯಾವ 'ಅಂಗಡ್ಯಾಂವ'ನೂ ಓದಿ ಅರ್ಥ ಹೇಳಬೇಕಾಗಬಾರದು ಎಂದು. ಹೊಡೆದುಹಾಕಿ ಮತ್ತೆ ಬರೆದೆ. ಕೊನೆಗೆ ಆಸ್ಪತ್ರೆಯ ಹೆಸರಿನ ಹಾಳೆಗೆ ಇಳಿಸಿದ್ದು ಇಷ್ಟು: 'ಈ ರೋಗಿಯ ಮೂತ್ರನಾಳ ಕಿರಿದಾದುದಕ್ಕೆ ಬಿದ್ದು ಆದ ಪೆಟ್ಟು ಕಾರಣ. ಪರೀಕ್ಷೆಯಲ್ಲಿ ಯಾವ ಸೋಂಕೂ ಕಂಡುಬಂದಿಲ್ಲ. ಮೊದಲು ಕೊಟ್ಟ ಚೀಟಿಯಲ್ಲಿ ಸೋಂಕಿನ ನಂತರ ಆದದ್ದು ಎಂದು ನಮೂದಾಗಿರುವುದು ಆಸ್ಪತ್ರೆಯ ತಪ್ಪು.'

ಸರ್ ಓದಿದರು. "ಕನ್ನಡದಾಗ ಡಿಸ್ಚಾರ್ಜ್ ಕಾಗದ ನಾ ಎಲ್ಲೂ ನೋಡಿಲ್ಲ," ಎಂದರು. "ಮತ್ತ ಈ 'ತಪ್ಪು' ತೆಗಿ. 'ತಿದ್ದುಪಡಿ' ಅಂತ ಬರಿ."

"ತಿದ್ದುಪಡಿ ಅಂದ್ರ ಅವರ ಅಣ್ಣಗ ತಿಳಿಯಂಗಿಲ್ಲ ಸರ್. ತಪ್ಪು ಅಂದ್ರ ತಿಳೀತದ."

ಅವರು ಮೇಜಿನ ಖಾನೆಯಿಂದ ಮುದ್ರೆಯನ್ನೂ ಮಸಿಯ ಡಬ್ಬಿಯನ್ನೂ ತೆಗೆದು ನನ್ನ ಮುಂದೆ ಇಟ್ಟು, ಚಹಾ ಕುಡಿಯಲು ಎದ್ದುಹೋದರು. ವೈದ್ಯರು ಸಹಿ ಹಾಕುವ ಮೊದಲು 'ಆಸ್ಪತ್ರೆಯ ತಪ್ಪು' ಎಂಬಲ್ಲಿ 'ಆಸ್ಪತ್ರೆಯ' ಹೊಡೆದು 'ದಾಖಲೆ ಕೋಣೆಯ' ಎಂದು ತಿದ್ದಿದರು. ಆದರೂ ತಪ್ಪು ಎಂಬ ಶಬ್ದ ಉಳಿದಿತ್ತು. ಸಾಕು ಎಂದುಕೊಂಡೆ.

ಕಾಗದವನ್ನು ಗಂಡನಿಗೆ ಕೊಟ್ಟು, ನಿಮ್ಮ ಒಪ್ಪಿಗೆ ಇದ್ದರೆ ಅವರಿಗೆ ತೋರಿಸಿ ಎಂದೆ. "ನನ್ನ ಕೈಯಾಗ ಬ್ಯಾಡ್ರಿ. ನೀವ ಅಕಿ ಕೈಯಾಗ ಕೊಡ್ರಿ," ಎಂದ. ಮೊಗಸಾಲೆಯಲ್ಲಿ ಅವಳ ಕೈಗೆ ಕೊಟ್ಟೆ. ಅವಳು ಏಳನೆಯವರೆಗೆ ಕಲಿತವಳಂತೆ. ಬೆರಳಿಟ್ಟು, ಗಟ್ಟಿಯಾಗಿ, ಒಂದೊಂದೇ ಶಬ್ದ ಓದಿದಳು. ಆಚೆ ಈಚೆ ಕುಳಿತವರೂ ಕೇಳಿದರು. ಓದಿ ಮುಗಿಸಿ ಗಂಡನ ಕಡೆ ತಿರುಗಿದಳು.

"ಎಲ್ಲಿ ಬಿದ್ದಿದ್ದಿ?"

ಅವನು ಗೋಡೆಯನ್ನು ನೋಡುತ್ತ ಹೇಳಿದ.

ಅವಳಿಗೆ ಸಮಾಧಾನವಾಗುತ್ತದೆ, ಬಹುಶಃ ಅಳುತ್ತಾಳೆ ಎಂದು ನಾನು ಎಣಿಸಿದ್ದೆ. ಅವಳು ಸಿಟ್ಟಿಗೆದ್ದಳು.

"ಉಷ್ಣ ಅಂತ ಹೇಳಿ ದಿನಾ ನನ್ನ ಕೈಲೆ ಮಜ್ಜಗಿ ಮಾಡಿಸಿಕೊಂಡು ಕುಡದಿ! ಸಬ್ಜಾ ಬೀಜ ನೆನಿ ಹಾಕಿ ಹಾಕಿ ನನ್ನ ಕೈ ಸೋತ್ವು! ಬಿದ್ದೀನಿ ಅಂದ್ರ ನಾ ಏನ್ ಊರಾಗ ಡಂಗುರ ಹೊಡೀತಿದ್ನೇನು?"

"ಮೆಲ್ಲಗ ಮಾತಾಡು. ಮಂದಿ ಅದಾರ."

"ಇರ್ಲಿ ಬಿಡು. ಮಂದಿ ಇನ್ನೇನ್ ಅನ್ನೋದು ಉಳದಾದ? ಎಲ್ಲಾ ಅಂದ ಮುಗಿಸ್ಯಾರ." ಕಾಗದವನ್ನು ಎರಡೇ ಮಡಿಕೆ ಮಾಡಿ ಅವನ ಅಂಗಿಯ ಜೇಬಿಗೆ ತಾನೇ ತುರುಕಿದಳು. "ನಡಿ ಸುರಪುರಕ್ಕ. ಮೊದಲ ಅಣ್ಣನ ಮುಂದ ಓದು. ನಾ ಹೇಳಂಗಿಲ್ಲ, ನೀನ ಓದಬೇಕು. ಆಮ್ಯಾಗ ನಿನ್ನ ಸಂಗಾಟ ಬರೋದು ನೋಡೋಣ."

ನಾನು ಶಹಾಪುರಕ್ಕೆ ಹೋಗುವ ಬಸ್ಸೇ ಮುಂದೆ ಸುರಪುರಕ್ಕೆ ಹೋಗುತ್ತದೆ. ಸಂಜೆ ಅವರಿಬ್ಬರೂ ಅದರಲ್ಲಿದ್ದರು, ಅವನು ಹಿಂದೆ, ಅವಳು ಮುಂದೆ ನನ್ನ ಪಕ್ಕದಲ್ಲಿ. ಭೀಮಾ ಸೇತುವೆ ದಾಟಿದ ಮೇಲೆ ಅವಳು ಕೇಳಿದಳು.

"ಕಂಪ್ಯೂಟರಿನಾಗೂ ತಿದ್ದೀರೇನ್ರಿ?"

"ಇನ್ನೂ ಇಲ್ಲ."

"ಆರು ತಿಂಗಳಿಗೊಮ್ಮಿ ಬಂದು ತೋರಸ್ರಿ ಅಂದಾರ ಡಾಕ್ಟರು. ಬಂದಾಗೊಮ್ಮಿ ಅದೇ ಚೀಟಿ ಕೊಡ್ತೀರೇನ್ರಿ?"

ಮತ್ತೆ ಅರ್ಜಿ ಹಾಕುತ್ತೇನೆ ಎಂದೆ. ಅವಳು ಕಿಟಕಿಯತ್ತ ತಿರುಗಿದಳು.

ಅರ್ಜಿ ಹಾಕಿದೆ. ಒಂದಲ್ಲ, ನಾಲ್ಕು. ಪ್ರತಿ ಸಲವೂ ಅದೇ ಪೊಲೀಸ್ ಪ್ರತಿಯನ್ನು ಕೇಳುತ್ತಾರೆ. ಹೊಸ ಕಡತಗಳಿಗೆ ಈಗ ನಾನು ಒಂಬತ್ತು ಹಾಕುತ್ತೇನೆ, ತಿರುಗಿ ಬಂದರೆ ವೈದ್ಯರಿಗೆ ಫೋನು ಮಾಡುತ್ತೇನೆ. ನನ್ನ ಮೇಜಿನ ಮೇಲೆ ಬಾಕಿ ಕಡತಗಳು ಏರಿವೆ, ಸರ್ ನನ್ನೊಡನೆ ಮೊದಲಿನಂತೆ ಮಾತಾಡುವುದಿಲ್ಲ. ಹಳೆಯ ಕಡತಗಳಲ್ಲಿ ಎಷ್ಟು ಮನೆಗಳಿಗೆ ನನ್ನ 'ಒಂದು' ಹೋಗಿದೆಯೋ, ಅವರಲ್ಲಿ ಯಾರೂ ಬಂದು ಕೇಳಿಲ್ಲ. ಕೇಳದೆ ಇರುವುದೇ ನನ್ನನ್ನು ಹೆಚ್ಚು ಕಾಡುತ್ತದೆ.

ಆರು ತಿಂಗಳಿಗೆ ಅವನು ತೋರಿಸಿಕೊಳ್ಳಲು ಬಂದ. ಅವಳೂ ಜೊತೆಗೆ ಬಂದಿದ್ದಳು, ಕಡೇಚೂರಿನಿಂದ, ಒಂದೇ ಬಸ್ಸಿನಲ್ಲಿ. ಹಿರಿಯರು ಕೂಡಿದರೆ ಎಂದು ಕೇಳಿದೆ. "ಕೂಡಿದ್ರಿ. ಚಹಾ ಕುಡದು ಎದ್ದು ಹೋದ್ರು," ಎಂದಳು. ಪರೀಕ್ಷೆ ಮುಗಿದು ಚೀಟಿ ಮುದ್ರಣವಾಯಿತು. ಹಿಂದಿನ ಕಾಯಿಲೆ ಎಂಬ ಸಾಲಿನಲ್ಲಿ ಅದೇ ಸಂಕೇತ, ಅದೇ ದಪ್ಪ ಅಕ್ಷರ. ನಾನು ಏನು ಹೇಳಲಿ ಎಂದು ಯೋಚಿಸುತ್ತಿರುವಾಗಲೇ ಅವಳು ನನ್ನ ಮೇಜಿನಿಂದ ಪೆನ್ನು ತೆಗೆದುಕೊಂಡು, ಇಂಗ್ಲಿಷ್ ಓದಲು ಬಾರದಿದ್ದರೂ ಆ ಸಾಲನ್ನು ಗುರುತು ಹಿಡಿದು, ಅದರ ಮೇಲೆ ಅಡ್ಡ ಗೀಟು ಎಳೆದಳು. ಚೀಟಿಯನ್ನೂ ಪೆನ್ನನ್ನೂ ನನ್ನ ಕಡೆ ತಿರುಗಿಸಿದಳು.

"ಸಹಿ ಮಾಡ್ರಿ ಅಕ್ಕಾರ."

ಮುದ್ರಿತ ಚೀಟಿಯ ಮೇಲೆ ಕೈಬರಹದಲ್ಲಿ ತಿದ್ದುವ ಅಧಿಕಾರ ವೈದ್ಯರಿಗೆ ಮಾತ್ರ ಇದೆ. ಅದು ನನಗೆ ಗೊತ್ತಿತ್ತು. ಸರ್ ನೋಡುತ್ತಿದ್ದರು. ಗೀಟಿನ ಪಕ್ಕದಲ್ಲಿ ಸಹಿ ಮಾಡಿ, ಕೆಳಗೆ ದಿನಾಂಕ ಹಾಕಿದೆ.